ಹಿತ್ತಿಲ ಮೆಟ್ಟಿಲಿಗೊಂದು ರೇಲಿಂಗ್: 24 ವರ್ಷದ ಮೇಲೆ ಮತ್ತೆ ವೆಲ್ಡಿಂಗ್ ಹಿಡಿದ ಪ್ರಕರಣ

ನಮ್ಮ ಮನೆ ಸಾಗರದ ಕಡೆಯ ಒಂದು ಹಳ್ಳಿಯಲ್ಲಿದೆ. ಅಡುಗೆಮನೆಯ ಹಿಂಬಾಗಿಲಿನಿಂದ ಹಿತ್ತಿಲಿಗೆ ಇಳಿಯಲು ಜಂಬಿಟ್ಟಿಗೆಯ ನಾಲ್ಕು ಮೆಟ್ಟಿಲು. ಮಳೆ ಹಿಡಿದರೆ ಅದರ ಮೇಲೆ ಹಾವಸೆ ಕಟ್ಟುತ್ತದೆ. ಅಮ್ಮನಿಗೆ 74 ವರ್ಷ, ಮಂಡಿನೋವು. ಆದರೂ ಬೆಳಗ್ಗೆ ದಾಸವಾಳ ಕೊಯ್ಯಲು ಅವಳೇ ಇಳಿಯಬೇಕು. ಬೇರೆಯವರು ಕೊಯ್ದು ತಂದರೆ ಅವಳಿಗೆ ಸಮಾಧಾನವಿಲ್ಲ. 2023ರ ಮಳೆಗಾಲದಲ್ಲಿ ಒಂದು ದಿನ ಮೂರನೇ ಮೆಟ್ಟಿಲಲ್ಲಿ ಜಾರಿ ಕೂತುಬಿಟ್ಟಳು. ಮೂಳೆ ಮುರಿಯಲಿಲ್ಲ, ಪುಣ್ಯ. ಮುಂದಿನ ಮಳೆ ಬರುವಷ್ಟರಲ್ಲಿ ಇಲ್ಲೊಂದು ರೇಲಿಂಗ್ ಆಗಲೇಬೇಕು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಪೇಟೆಯಲ್ಲಿ ಗ್ರಿಲ್ ಅಂಗಡಿಗಳಿವೆ. ಹೇಳಿದ್ದರೆ ಎರಡು ದಿನದಲ್ಲಿ ಮಾಡಿಕೊಡುತ್ತಿದ್ದರು. ಆದರೆ ನಾನೂ ಒಂದು ಕಾಲಕ್ಕೆ ವೆಲ್ಡರ್. 1995ರಲ್ಲಿ ಐಟಿಐ ಸೇರಿ ಒಂದು ವರ್ಷದ ವೆಲ್ಡರ್ ಟ್ರೇಡ್ ಮುಗಿಸಿದವನು. ಆಮೇಲೆ ನಾಲ್ಕು ವರ್ಷ ಗೇಟು, ಗ್ರಿಲ್ಲು, ಶಟರ್ ಮಾಡುವ ಶೆಡ್ಡಿನಲ್ಲಿ ಕೆಲಸ ಮಾಡಿದೆ. 2000ದಲ್ಲಿ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಅವತ್ತು ಕೆಳಗಿಟ್ಟ ವೆಲ್ಡಿಂಗ್ ಹೋಲ್ಡರನ್ನು ಮತ್ತೆ ಎತ್ತಿರಲಿಲ್ಲ. ಅಮ್ಮನ ಕೈ ಊರುವ ರೇಲಿಂಗನ್ನು ನಾನೇ ಬೆಸೆಯಬೇಕು ಅನ್ನಿಸಿತು. ಹಾಗೆ ಕೊಟ್ಟಿಗೆಯ ಪಕ್ಕದ ಸೌದೆ ಕೋಣೆ ನನ್ನ ವರ್ಕ್‌ಶಾಪ್ ಆಯಿತು.

ಈ ಕೆಲಸದಲ್ಲಿ ನಾನು ಎಲ್ಲಿ ಎಡವಿದೆ, ಕಾರಣ ಹೇಗೆ ಸಿಕ್ಕಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಳೇ ಕಸುಬನ್ನು ವಯಸ್ಸಾದ ಮೇಲೆ ಮತ್ತೆ ಹಿಡಿಯುವವರಿಗೆ ಇದು ಬೇಕಾಗುತ್ತದೆ.

ಮೊದಲ ವಾರ

ಮೆಷಿನ್ ತಂದದ್ದು 2023ರ ಆಗಸ್ಟ್‌ನಲ್ಲಿ. ಸಿಂಗಲ್ ಫೇಸಿನ 200 ಆಂಪಿಯರ್ ಇನ್ವರ್ಟರ್ ವೆಲ್ಡಿಂಗ್ ಮೆಷಿನ್. ಹೆಗಲಿಗೆ ಹಾಕಿಕೊಂಡೇ ಮನೆಗೆ ತಂದೆ. ನಮ್ಮ ಹಳೇ ಶೆಡ್ಡಿನಲ್ಲಿ ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರ್ ಇತ್ತು. ಚಕ್ರವಿದ್ದರೂ ಅದನ್ನು ಅಲುಗಿಸಲು ಇಬ್ಬರು ಬೇಕಿತ್ತು. ಮೆಷಿನ್ ಜೊತೆಗೇ ಒಂದು ಪ್ಯಾಕೆಟ್ ರಾಡನ್ನೂ, ಅಂದರೆ ಕರಗಿ ಬೆಸುಗೆಯಾಗುವ ಲೇಪದ ಕಡ್ಡಿಗಳನ್ನೂ ತಂದಿದ್ದೆ, 6013 ಅನ್ನುವ ಜಾತಿ, ಎರಡೂವರೆ ಎಂಎಂ ದಪ್ಪ. ಆದರೆ ಸಂಘದ ಕೆಲಸ, ಅಡಿಕೆ ಕೊಯ್ಲು ಎಂದು ದಿನ ಹೋಯಿತು. ಕೈಗೆ ಬಿಡುವಾಗಿದ್ದು 2024ರ ಏಪ್ರಿಲ್‌ನಲ್ಲಿ.

ಮೊದಲ ಸಂಜೆ 6 ಎಂಎಂ ದಪ್ಪದ ಕಬ್ಬಿಣದ ಪಟ್ಟಿಯ ತುಂಡೊಂದನ್ನು ಮೇಜಿನ ಮೇಲಿಟ್ಟೆ. ಅರ್ಥ್ ಕ್ಲ್ಯಾಂಪ್ ಹಾಕಿದೆ. 80 ಆಂಪಿಯರ್ ಇಟ್ಟೆ. ಮೊದಲ ಸಲ ಗೀರಿದಾಗ ರಾಡ್ ಅಂಟಿಕೊಂಡಿತು. ಮಣಿಕಟ್ಟು ತಿರುವಿ ಕಿತ್ತೆ. ಎರಡನೇ ಗೀರಿಗೆ ಆರ್ಕ್, ಅಂದರೆ ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ಕರೆಂಟಿನ ಕಿಡಿ, ಹತ್ತಿತು. ಆ ಸದ್ದು! ಕಾದ ಎಣ್ಣೆಗೆ ಹಪ್ಪಳ ಬಿಟ್ಟಾಗ ಬರುತ್ತದಲ್ಲ, ಒಂದೇ ಸಮ ಚರ್ರೆನ್ನುವ ಸದ್ದು, ಅದೇ. ಆರ್ಕ್ ಉದ್ದವಾದರೆ ಆ ಸದ್ದು ಒಡೆದು ಬುಸುಗುಡುತ್ತದೆ. ಗಿಡ್ಡವಾದರೆ ಉಸಿರು ಕಟ್ಟಿದಂತಾಗುತ್ತದೆ. ಕಿವಿ ಅದನ್ನು ಮರೆತಿರಲಿಲ್ಲ. ರಾಡ್ ಕರಗಿ ಗಿಡ್ಡವಾಗುತ್ತಾ ಹೋದಂತೆ ಕೈ ತಾನಾಗಿಯೇ ಕೆಳಗಿಳಿಯಿತು. ಬೆಸುಗೆಯ ಮೇಲೆ ಹೆಪ್ಪುಗಟ್ಟುವ ಲೇಪದ ಕಿಟ್ಟ, ಅಂದರೆ ಸ್ಲ್ಯಾಗ್, ತಟ್ಟಿದಾಗ ಸಿಪ್ಪೆಯಂತೆ ಎದ್ದು ಬಂತು. ಅಡಿಯಲ್ಲಿ ಮೀನಿನ ಹುರುಪೆಯಂಥ ಸಾಲು. 24 ವರ್ಷದ ಮೇಲೆ! ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಆದರೆ ಸಪಾಟು ಪಟ್ಟಿಯ ಮೇಲೆ ಗೆರೆ ಎಳೆಯುವುದು ಬೇರೆ, ಎರಡು ತುಂಡನ್ನು ಬೆಸೆಯುವುದು ಬೇರೆ. ನಾಲ್ಕನೇ ದಿನ ಟಿ ಜಾಯಿಂಟ್ ಮಾಡಿದೆ. ಒಂದು ಪಟ್ಟಿಯ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ, ಒಂದೇ ಬದಿಯಲ್ಲಿ ಬೆಸುಗೆ. ಆಮೇಲೆ ನಿಂತ ಪಟ್ಟಿಯನ್ನು ಬೆಸುಗೆಯ ಕಡೆಗೇ ಸುತ್ತಿಗೆಯಿಂದ ಹೊಡೆದು ಮಲಗಿಸುವುದು. ಐಟಿಐಯಲ್ಲಿ ನಮ್ಮ ಮೇಷ್ಟ್ರು ಬೆಸುಗೆಯ ಒಳಗುಟ್ಟು ನೋಡಲು ಇದನ್ನೇ ಮಾಡಿಸುತ್ತಿದ್ದರು. ಬೆಸುಗೆ ಸರಿಯಿದ್ದರೆ ಪಟ್ಟಿ ಬಾಗುತ್ತದೆ, ಬೇಗ ಮುರಿಯುವುದಿಲ್ಲ.

ನನ್ನದು ಮೂರನೇ ಏಟಿಗೆ ಕಳಚಿ ಬಿತ್ತು.

ಮುರಿದ ತುಂಡನ್ನು ಬೆಳಕಿಗೆ ಹಿಡಿದೆ. ಬೆಸುಗೆಯೆಲ್ಲ ಕೆಳಗಿನ ಪಟ್ಟಿಗೇ ಅಂಟಿಕೊಂಡಿತ್ತು. ನಿಂತಿದ್ದ ಪಟ್ಟಿಯ ಅಂಚಿನಲ್ಲಿ ಗರಗಸದಿಂದ ಕೊಯ್ದ ಗೀರುಗಳು ಹಾಗೇ ಉಳಿದಿದ್ದವು. ಅಂದರೆ ಆ ಕಬ್ಬಿಣ ಕರಗಿಯೇ ಇರಲಿಲ್ಲ. ಮೂಲೆಯ ಬುಡದಲ್ಲಿ ಕಪ್ಪು ಗಾಜಿನಂಥ ಸ್ಲ್ಯಾಗ್ ಗೆರೆ. ಅಲ್ಲಲ್ಲಿ ಸೂಜಿ ಚುಚ್ಚಿದಂಥ ತೂತು. ಹೊರಗಿನಿಂದ ನೋಡಿದರೆ ಚೆಂದದ ಬೆಸುಗೆ. ಇದರ ಮೇಲೆ ಅಮ್ಮ ಭಾರ ಹಾಕುವುದಾ?

ಕಾರಣ ಹುಡುಕಿದ್ದು

ಮೊದಲ ಅನುಮಾನ ರಾಡಿನ ಮೇಲೆ. ಒಡೆದ ಪ್ಯಾಕೆಟ್ ಮಲೆನಾಡಿನ ಅರ್ಧ ಮಳೆಗಾಲ ಶೆಲ್ಫಿನಲ್ಲಿ ಬಾಯಿ ತೆರೆದುಕೊಂಡೇ ಇತ್ತು. ರಾಡಿನ ಮೇಲಿನ ಲೇಪ ತೇವ ಎಳೆಯುತ್ತದೆ. ಆ ತೇವ ಆರ್ಕಿನ ಕಾವಿಗೆ ಆವಿಯಾಗಿ ಬೆಸುಗೆಯೊಳಗೆ ಗುಳ್ಳೆ ಬಿಡುತ್ತದೆ. ಹೊಸ ಪ್ಯಾಕೆಟ್ ತಂದೆ. ಅಡುಗೆಮನೆಯಲ್ಲಿ ಹಪ್ಪಳ ಇಡುವಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿಟ್ಟೆ. ಸೂಜಿ ತೂತು ಹೋಯಿತು. ಜಾಯಿಂಟ್ ಮಾತ್ರ ಮತ್ತೆ ಕಳಚಿತು.

ಎರಡನೇ ಅನುಮಾನ ಕರೆಂಟಿನದು. ಬೇಸಿಗೆ ಸಂಜೆ ತೋಟದ ಪಂಪ್‌ಸೆಟ್‌ಗಳು ಓಡುವಾಗ ನಮ್ಮಲ್ಲಿ ವೋಲ್ಟೇಜ್ 195ಕ್ಕೆ ಇಳಿಯುತ್ತದೆ. ಅದರ ಮೇಲೆ ನಾನು ಹಾಕಿದ್ದು 20 ಮೀಟರ್ ಉದ್ದದ, ಒಂದು ಸ್ಕ್ವೇರ್ ಎಂಎಂ ದಪ್ಪದ ಎಕ್ಸ್‌ಟೆನ್ಷನ್ ವೈರ್. ಲೆಕ್ಕ ಬರೆಯುವವನಲ್ವಾ, ಕೂತು ಲೆಕ್ಕ ಹಾಕಿದೆ. 80 ಆಂಪಿಯರಿನಲ್ಲಿ ಬೆಸೆಯುವಾಗ ಮೆಷಿನ್ ಗೋಡೆಯ ಪ್ಲಗ್ಗಿನಿಂದ ಸುಮಾರು 14 ಆಂಪಿಯರ್ ಎಳೆಯುತ್ತದೆ. ಹೋಗಿ ಬರುವ ತಾಮ್ರ ಸೇರಿ 40 ಮೀಟರ್, ರೆಸಿಸ್ಟೆನ್ಸ್ ಹೆಚ್ಚುಕಮ್ಮಿ 0.7 ಓಂ. ಅಂದರೆ ವೈರಿನಲ್ಲೇ 10 ವೋಲ್ಟ್ ಹೋಗುತ್ತದೆ, ಸುಮಾರು 140 ವ್ಯಾಟ್ ವೈರನ್ನು ಬಿಸಿ ಮಾಡುವುದಕ್ಕೇ ಖರ್ಚು. ಸುರುಳಿ ಬಿಚ್ಚದೆ ಹಾಗೇ ಬಳಸುತ್ತಿದ್ದೆ, ಮುಟ್ಟಿದರೆ ಕಾವು ತಿಳಿಯುತ್ತಿತ್ತು. ಇದು ಬೆಂಕಿಯ ದಾರಿ. 4 ಸ್ಕ್ವೇರ್ ಎಂಎಂ ವೈರ್ ತಂದು, ಪೂರ್ತಿ ಬಿಚ್ಚಿ ಹಾಸಿದೆ. ಪ್ಲಗ್ಗಿನ ಅರ್ಥಿಂಗನ್ನೂ ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷೆ ಮಾಡಿಸಿದೆ. ಆರ್ಕ್ ಮೊದಲಿಗಿಂತ ನಿಂತು ಉರಿಯತೊಡಗಿತು. ಜಾಯಿಂಟ್ ಈ ಸಲವೂ ಕಳಚಿತು. ಒಂದೇ ವ್ಯತ್ಯಾಸ, ಈ ಸಲ ಬೆಸುಗೆ ಪೂರ್ತಿ ನಿಂತ ಪಟ್ಟಿಗೆ ಅಂಟಿತ್ತು, ಕೆಳಗಿನದು ಕರಗಿರಲಿಲ್ಲ.

ಇಲ್ಲಿ ನಾನು ನಿಂತು ಯೋಚಿಸಬೇಕಿತ್ತು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಅಂದರೆ ರಾಡಿನ ತುದಿ ಮೂಲೆಯ ಗೆರೆಯ ಮೇಲೆ ಇಲ್ಲ, ಒಂದೆರಡು ಎಂಎಂ ಅತ್ತಿತ್ತ ಓಡಾಡುತ್ತಿದೆ. ಕೈ ನಡುಗುತ್ತಿದೆಯಾ? ಮೆಷಿನ್ ಆಫ್ ಮಾಡಿ, ಮುಖವಾಡ ತೆಗೆದು, ರಾಡಿನ ತುದಿಯನ್ನು ಗೆರೆಗುಂಟ ಎಳೆದೆ. ಕೂದಲಿನಷ್ಟೂ ತಪ್ಪಲಿಲ್ಲ. ಮುಖವಾಡ ಇಳಿಸಿ ಎಳೆದೆ. ತಪ್ಪಿತು. ಅದರ ಗಾಜು ತಾನಾಗಿ ಕಪ್ಪಾಗುವುದು ಆರ್ಕ್ ಹತ್ತಿದಾಗ ಮಾತ್ರ, ಈಗ ಬರೀ ತಿಳಿ ಹಸಿರು. ಬೆಳಕು ಸಾಲದೇನೋ ಎಂದು ಹೆಗಲ ಹಿಂದಿನಿಂದ ಒಂದು ಎಲ್‌ಇಡಿ ಬಲ್ಬ್ ಹಾಕಿದೆ, ಗೆರೆಯ ಪಕ್ಕ ಸೀಮೆಸುಣ್ಣ ಎಳೆದೆ. ಸ್ವಲ್ಪ ಸುಧಾರಿಸಿತು, ಅಷ್ಟೇ.

ಉತ್ತರ ಕೊಟ್ಟವಳು ನನ್ನ ಹೆಂಡತಿ. ಆ ರಾತ್ರಿ ರಾಡಿನ ಪ್ಯಾಕೆಟ್ ಹಿಡಿದು ಅದರ ಮೇಲಿನ ಆಂಪಿಯರ್ ಪಟ್ಟಿ ಓದುತ್ತಿದ್ದೆ.

"ರೀ, ನೀವು ಓದುವಾಗ ಗಲ್ಲ ಮೇಲೆ ಎತ್ತುತ್ತೀರಿ. ಆ ಮುಖವಾಡದೊಳಗೆ ಹಾಗೆ ಎತ್ತೋಕಾಗುತ್ತಾ?"

ಪ್ಯಾಕೆಟ್ ಕೈಯಲ್ಲೇ ಉಳಿಯಿತು. ನನಗೆ ಚಾಳೀಸು ಬಂದು ಆರು ವರ್ಷ. ಕನ್ನಡಕದ ಮೇಲಿನ ಅರ್ಧ ದೂರಕ್ಕೆ, ಕೆಳಗಿನ ಅರ್ಧ ಹತ್ತಿರಕ್ಕೆ. ಹತ್ತಿರದ್ದು ನೋಡಲು ಗಲ್ಲ ಎತ್ತಿ, ಕಣ್ಣು ತಗ್ಗಿಸಿ, ಕೆಳಗಿನ ಅರ್ಧದಲ್ಲಿ ನೋಡುತ್ತೇನೆ. ಅದು ಎಷ್ಟು ರೂಢಿಯಾಗಿದೆ ಅಂದರೆ ನನಗೇ ಗೊತ್ತಾಗುವುದಿಲ್ಲ. ಮುಖವಾಡದೊಳಗೆ ಗಲ್ಲ ಎತ್ತಿದರೆ ಗಾಜಿನ ಕಿಟಕಿಯೂ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಅಷ್ಟೂ ದಿನ ದೂರದ ಕನ್ನಡಕದಲ್ಲಿ ಹತ್ತಿರದ ಬೆಸುಗೆ ನೋಡುತ್ತಿದ್ದೆ. ಬೆಳಕು ಕಾಣುತ್ತಿತ್ತು, ಕರಗಿದ ಕಬ್ಬಿಣದ ಅಂಚು ಕಾಣುತ್ತಿರಲಿಲ್ಲ. ಇಪ್ಪತ್ತರ ಹರೆಯದಲ್ಲಿ ಆ ಅಂಚನ್ನು ನೋಡಿಯೇ ಕೈ ನಡೆಯುತ್ತಿತ್ತು. ಕಿವಿ, ಕೈ ಹಳೆಯದನ್ನೆಲ್ಲ ಇಟ್ಟುಕೊಂಡಿದ್ದವು. ಅವಕ್ಕೆ ದಾರಿ ತೋರಿಸುವ ಕಣ್ಣು ಬದಲಾಗಿತ್ತು.

ಮರುದಿನ ಬೆಸೆಯುವ ಭಂಗಿಯಲ್ಲಿ ಕೂತು, ಕಣ್ಣಿನಿಂದ ರಾಡಿನ ತುದಿಗೆ ಟೇಪ್ ಹಿಡಿಸಿದೆ. 38 ಸೆಂಟಿಮೀಟರ್. ಆ ಅಳತೆ ಚೀಟಿಯಲ್ಲಿ ಬರೆದುಕೊಂಡು ಕನ್ನಡಕದ ಅಂಗಡಿಗೆ ಹೋದೆ. "ಇಷ್ಟು ದೂರಕ್ಕೆ ಮಾತ್ರ ಸ್ಪಷ್ಟ ಕಾಣಬೇಕು, ಗಾಜು ಪೂರ್ತಿ ಒಂದೇ ನಂಬರ್ ಇರಲಿ" ಎಂದೆ. ಅಂಗಡಿಯವರು ಪರೀಕ್ಷೆ ಮಾಡಿ ಮಾಡಿಕೊಟ್ಟರು. ಮುಖವಾಡದ ಒಳಗೆ ಸಿಕ್ಕಿಸುವ ಭೂತಗನ್ನಡಿಯಂಥ ಲೆನ್ಸ್ ಕೂಡ ಸಿಗುತ್ತದೆ, ಕೆಲವರಿಗೆ ಅದೇ ಅನುಕೂಲ. ಜೊತೆಗೆ ಮುಖವಾಡದ ಹೊರಗಿನ ಪಾರದರ್ಶಕ ಪ್ಲಾಸ್ಟಿಕ್ ಬದಲಿಸಿದೆ. ಕಿಡಿ ಸಿಡಿದು ಅದು ಮಂಜಾಗಿತ್ತು. ಸಣ್ಣ ಖರ್ಚಿನ ಮಾತು, ಅದನ್ನು ತಡ ಮಾಡಬಾರದು.

ಅವತ್ತು ಸಂಜೆ ಆರ್ಕ್ ಹತ್ತಿದ ಕೂಡಲೇ ಎಲ್ಲ ಕಂಡಿತು. ಹೊಳೆಯುವ ಪುಟ್ಟ ಕೆರೆ, ಅದರ ಹಿಂದೆ ಹೆಪ್ಪುಗಟ್ಟುತ್ತಾ ಬರುವ ಸ್ಲ್ಯಾಗ್, ಕೆರೆಯ ಎರಡು ದಂಡೆಗಳು ಎರಡೂ ಪಟ್ಟಿಯನ್ನು ತಿನ್ನುತ್ತಾ ಹೋಗುವುದು. ಟಿ ಜಾಯಿಂಟ್ ತಣ್ಣಗಾದ ಮೇಲೆ ಸುತ್ತಿಗೆ ಹಿಡಿದೆ. ಏಟಿನ ಮೇಲೆ ಏಟು ಹಾಕಿದೆ. ಪಟ್ಟಿ ಬಾಗಿ ಬಾಗಿ ಪೂರ್ತಿ ಮಲಗಿತು, ಬೆಸುಗೆ ಬಿಡಲಿಲ್ಲ. ಹಾಗೆ ಮಲಗಿದ ಮೂರು ತುಂಡು ಸಿಕ್ಕ ಮೇಲೆಯೇ ರೇಲಿಂಗಿಗೆ ಕಬ್ಬಿಣ ತರಲು ಹೊರಟೆ.

ಕೈಯ ಜೊತೆ ಮರಳಿ ಬಂದ ಚಟಗಳು

ಇದನ್ನು ಬರೆಯದಿದ್ದರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಕೈ ಒಳ್ಳೆಯದನ್ನು ಮಾತ್ರ ನೆನಪಿಡುವುದಿಲ್ಲ. ಹಳೇ ಶೆಡ್ಡಿನಲ್ಲಿ ನಾವು ಟ್ಯಾಕ್, ಅಂದರೆ ತುಂಡುಗಳನ್ನು ಜಾಗದಲ್ಲಿ ನಿಲ್ಲಿಸುವ ಚುಕ್ಕೆ ಬೆಸುಗೆ, ಹೊಡೆಯುವಾಗ ಮುಖವಾಡ ಹಿಡಿಯುತ್ತಿರಲಿಲ್ಲ, ಕಣ್ಣು ಮುಚ್ಚಿ ಚಿಟಕ್ಕೆಂದು ಹೊಡೆಯುತ್ತಿದ್ದೆವು. ಎರಡನೇ ವಾರ ನಾನು ಅದನ್ನೇ ಮಾಡುತ್ತಿದ್ದೆ, ನನಗೆ ಗೊತ್ತೇ ಇಲ್ಲದೆ. ಬಾಗಿಲಲ್ಲಿ ನಿಂತಿದ್ದ ಮಗಳು "ಅಪ್ಪಾ, ಕಣ್ಣು!" ಎಂದು ಕೂಗಿದಾಗ ಎಚ್ಚರವಾಯಿತು.

1997ರಲ್ಲಿ ಒಂದು ರಾತ್ರಿ ಕಣ್ಣಿನಲ್ಲಿ ಮುಷ್ಟಿ ಮರಳು ಹಾಕಿ ಉಜ್ಜಿದಂತಾಗಿ, ಬೆಳಗಿನವರೆಗೆ ಹೊರಳಾಡಿದ್ದೇನೆ. ಆಲೂಗೆಡ್ಡೆ ಬಿಲ್ಲೆ ಕಟ್ಟಿಕೊಂಡಿದ್ದೆ, ಶೆಡ್ಡಿನಲ್ಲಿ ಎಲ್ಲರೂ ಮಾಡುತ್ತಿದ್ದುದು ಅದನ್ನೇ. ಆರ್ಕಿನ ಅಲ್ಟ್ರಾವಯಲೆಟ್ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ, ಆರೇಳು ಗಂಟೆ ಕಳೆದ ಮೇಲೆ ನೋವು ಶುರು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಆಲೂಗೆಡ್ಡೆ, ಮನೆಮದ್ದು ಏನನ್ನೂ ಕಣ್ಣಿಗೆ ಹಾಕಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನಾನು ಈಗ ತಾನಾಗಿ ಕಪ್ಪಾಗುವ ಮುಖವಾಡ ಹಾಕುತ್ತೇನೆ, 80 ಆಂಪಿಯರಿಗೆ 10ನೇ ನಂಬರ್ ಶೇಡ್, ಅಂದರೆ ಗಾಜಿನ ಕಪ್ಪಿನ ಅಳತೆ. ಎರಡೂ ಕೈ ಖಾಲಿ ಇರುತ್ತವೆ, ಹಾಗಾಗಿ ಟ್ಯಾಕಿಗೂ ಮುಖವಾಡ ಇಳಿಸದಿರಲು ನೆವವಿಲ್ಲ. ನೋಡುವವರಿಗಾಗಿ ಬಾಗಿಲಿಗೆ ಅಡ್ಡ ಒಂದು ತಗಡು ನಿಲ್ಲಿಸಿದ್ದೇನೆ. ಊರಿನ ಮಕ್ಕಳಿಗೆ ಆ ಬೆಳಕು ಅಂದರೆ ಆಕರ್ಷಣೆ.

ಹೊಗೆಯದೂ ಹಾಗೇ. ಪೈಪ್ ಅಂಗಡಿಯವರು "ಜಿಐ ಪೈಪೇ ತಗೊಳ್ಳಿ ಅಣ್ಣಾ, ಮಳೆಗೆ ತುಕ್ಕು ಹಿಡಿಯಲ್ಲ" ಎಂದರು. ಮಾತು ನಿಜ. ಆದರೆ ಜಿಐ ಮೇಲಿರುವುದು ಸತು. ಅದು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ, ಕಬ್ಬಿಣ ಕರಗಲು 1500 ಡಿಗ್ರಿ ಹತ್ತಿರ ಬೇಕು. ಬೆಸೆಯುವಾಗ ಏಳುವ ಬಿಳೀ ಹೊಗೆ ಆ ಸತುವಿನದು. ಅದನ್ನು ಕುಡಿದು ರಾತ್ರಿ ಚಳಿಜ್ವರದಲ್ಲಿ ನಡುಗಿದ್ದು ನನಗೆ ಚೆನ್ನಾಗಿ ನೆನಪಿದೆ. ಹಾಲು ಕುಡಿದರೆ ಸರಿಹೋಗುತ್ತದೆ ಎಂದು ನಂಬಿದ್ದೆವು. ಶ್ವಾಸಕೋಶಕ್ಕೆ ಹೋದ ಹೊಗೆಯನ್ನು ಹೊಟ್ಟೆಗೆ ಹೋದ ಹಾಲು ಏನು ಮಾಡೀತು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಸತು ಬಳಿಯದ ಸಾದಾ ಎಂಎಸ್ ಪೈಪನ್ನೇ ತಂದೆ, ತುಕ್ಕಿಗೆ ಬಣ್ಣ ಇದೆ. ಸೌದೆ ಕೋಣೆಯ ಎರಡೂ ಕಡೆ ಬಾಗಿಲು ತೆರೆದು, ಗಾಳಿ ನನ್ನ ಬದಿಯಿಂದ ಹೊಗೆಯನ್ನು ಆಚೆ ಒಯ್ಯುವಂತೆ ಕೂತು, ಮೂಗಿಗೆ ಹೊಗೆ ತಡೆಯುವ ಮಾಸ್ಕ್ ಹಾಕಿ ಕೆಲಸ ಮಾಡಿದೆ. ಮುಖ್ಯವಾದದ್ದು ತಲೆಯನ್ನು ಹೊಗೆಯ ನೇರಕ್ಕೆ ಬಗ್ಗಿಸದೇ ಇರುವುದು.

ಇನ್ನೊಂದು ಸಂಗತಿ ಈಗಲೂ ನೆನೆದರೆ ಎದೆ ಝಲ್ಲೆನ್ನುತ್ತದೆ. ಒಂದು ಸಂಜೆ ಕೆಲಸ ನಿಲ್ಲಿಸಿ ಕೈಕಾಲು ತೊಳೆದು ಬಂದೆ. ಮೆಷಿನ್ ಮುಚ್ಚಲು ಮತ್ತೆ ಒಳಗೆ ಹೋದಾಗ ಸುಟ್ಟ ವಾಸನೆ. ಮೂರು ಮೀಟರ್ ಆಚೆ, ಅಡಿಕೆ ಹಾಳೆ ತುಂಬಿದ ಗೋಣಿಚೀಲದಲ್ಲಿ ನಾಲ್ಕಾಣೆಯಷ್ಟು ಅಗಲದ ಕೆಂಪು ವೃತ್ತ ಹೊಗೆಯಾಡುತ್ತಾ ಮೆಲ್ಲಗೆ ದೊಡ್ಡದಾಗುತ್ತಿತ್ತು. ಗ್ರೈಂಡರಿನ ಕಿಡಿ. ಪಕ್ಕದಲ್ಲೇ ಕೊಟ್ಟಿಗೆ, ಎರಡು ದನ. ಮರುದಿನವೇ ಹಾಳೆ, ಸೌದೆ, ತೆಂಗಿನ ಸಿಪ್ಪೆ ಎಲ್ಲ ಬೇರೆ ಕಡೆ ಸಾಗಿಸಿದೆ. ನೀರಿನ ಬಕೆಟ್, ಮರಳಿನ ಬಕೆಟ್ ಇಟ್ಟೆ. ಕೆಲಸ ನಿಂತ ಮೇಲೆ ಕನಿಷ್ಠ ಅರ್ಧ ಗಂಟೆ ಅಲ್ಲೇ ಇರುತ್ತೇನೆ. ಸಾಮಾನು ಜೋಡಿಸಲು ಆ ಹೊತ್ತು ಬೇಕೇ ಬೇಕು.

ರೇಲಿಂಗ್

ಕೆಲಸ ಹಿಡಿದ ಮೇಲೆ ಹೆಚ್ಚು ದಿನ ಬೇಕಾಗಲಿಲ್ಲ. 40 ಎಂಎಂ ಸ್ಕ್ವೇರ್ ಪೈಪಿನ ಮೂರು ಕಂಬ, ಮೇಲೆ 38 ಎಂಎಂ ದುಂಡು ಪೈಪ್, ಎರಡೂ 2 ಎಂಎಂ ದಪ್ಪ. ದುಂಡು ಪೈಪಿನ ಅಳತೆಯನ್ನು ಅಮ್ಮನ ಕೈಗೆ ಬೇರೆ ಬೇರೆ ತುಂಡು ಕೊಟ್ಟು ಗೊತ್ತು ಮಾಡಿದೆ. ಬೆರಳು ಸುತ್ತಿ ಹಿಡಿಯಲು ಬರಬೇಕು, ಬರೀ ಕೈ ಇಟ್ಟರೆ ಸಾಲದು. ಎತ್ತರ ಮೆಟ್ಟಿಲ ಅಂಚಿನಿಂದ 90 ಸೆಂಟಿಮೀಟರ್.

ಜಂಬಿಟ್ಟಿಗೆಯಲ್ಲಿ ಬೋಲ್ಟ್ ಗಟ್ಟಿಯಾಗಿ ಕೂರುವುದಿಲ್ಲ. ಅದಕ್ಕೆ ಮೆಟ್ಟಿಲ ಪಕ್ಕ ಒಂದೂವರೆ ಅಡಿ ಗುಂಡಿ ತೆಗೆದೆ. ಕಂಬದ ಬುಡಕ್ಕೆ 6 ಎಂಎಂ ಪ್ಲೇಟ್, ಅದರ ಅಡಿಗೆ ಕಬ್ಬಿಣದ ಸರಳಿನ ನಾಲ್ಕು ಕಾಲು ಬೆಸೆದು ಕಾಂಕ್ರೀಟಿನಲ್ಲಿ ಕೂರಿಸಿದೆ. 2 ಎಂಎಂ ಪೈಪನ್ನು 6 ಎಂಎಂ ಪ್ಲೇಟಿಗೆ ಬೆಸೆಯುವಾಗ ಆರ್ಕನ್ನು ದಪ್ಪದ ಕಡೆಗೆ ಹಿಡಿಯಬೇಕು, ಪೈಪಿಗೆ ಸುಮ್ನೆ ತಾಕಿಸಿ ಬರಬೇಕು. ಇಲ್ಲದಿದ್ದರೆ ಪೈಪ್ ತೂತು ಬೀಳುತ್ತದೆ. ಮೊದಲ ಕಂಬದಲ್ಲಿ ಒಂದು ಬದಿಯನ್ನು ಪೂರ್ತಿ ಬೆಸೆದುಬಿಟ್ಟೆ. ತಣ್ಣಗಾಗುತ್ತಾ ಬೆಸುಗೆ ಕುಗ್ಗಿ ಕಂಬವನ್ನು ತನ್ನ ಕಡೆ ಎಳೆಯಿತು. ಮೂಲೆಮಟ್ಟ ಹಿಡಿದರೆ ತುದಿಯಲ್ಲಿ 4 ಎಂಎಂ ವಾಲಿತ್ತು. ಕತ್ತರಿಸಿ ಮತ್ತೆ ಮಾಡಿದೆ. ಉಳಿದ ಎರಡಕ್ಕೆ ನಾಲ್ಕೂ ಬದಿ ಟ್ಯಾಕ್ ಹೊಡೆದು, ಎದುರುಬದುರು ಬದಿಗಳನ್ನು ಸ್ವಲ್ಪ ಸ್ವಲ್ಪವಾಗಿ ಬೆಸೆದೆ. ನೆಟ್ಟಗೆ ನಿಂತವು.

ಕಾಂಕ್ರೀಟಿಗೆ ಏಳು ದಿನ ನೀರು ಹಾಕಿದ ಮೇಲೆ ಮೇಲಿನ ಪೈಪನ್ನು ಅಲ್ಲೇ ಬೆಸೆದೆವು. ಭಾವ ಪೈಪ್ ಹಿಡಿದುಕೊಂಡರು. ಮಧ್ಯದ ಕಂಬದ ಬೆಸುಗೆಯಲ್ಲಿ ಅಂಚು ಕೊರೆದಂತೆ ಹಳ್ಳ ಬಿದ್ದಿತ್ತು. ಗ್ರೈಂಡರಿನಲ್ಲಿ ತೆಗೆದು, 5 ಆಂಪಿಯರ್ ಇಳಿಸಿ, ಮತ್ತೆ ಬೆಸೆದೆ. ಪೈಪಿನ ತುದಿಗಳಿಗೆ ಮುಚ್ಚಳ ಹಾಕಿದೆ, ಒಳಗೆ ನೀರು ನಿಂತರೆ ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಎರಡು ಕೋಟ್ ರೆಡ್ ಆಕ್ಸೈಡ್, ಮೇಲೆ ಹಸಿರು ಎನಾಮಲ್. ಕೊನೆಗೆ ನಾನೂ ಭಾವನೂ ಒಟ್ಟಿಗೆ ಪೈಪಿಗೆ ಒರಗಿ, ಜಗ್ಗಿ, ಅಡ್ಡಕ್ಕೆ ಎಳೆದು ನೋಡಿದೆವು. ಮಿಸುಕಲಿಲ್ಲ.

ಜೂನ್ ಮೊದಲ ವಾರ ಮಳೆ ಹಿಡಿಯುವ ಮುಂಚೆ ಅಮ್ಮನನ್ನು ಕರೆದೆ. ಅವಳು ಎಡಗೈಯಲ್ಲಿ ಹೂವಿನ ಬುಟ್ಟಿ ಹಿಡಿದು, ಬಲಗೈಯನ್ನು ಪೈಪಿನ ಮೇಲೆ ಜಾರಿಸುತ್ತಾ ಇಳಿದಳು. ಎರಡನೇ ಕಂಬದ ಹತ್ತಿರ ಕೈ ನಿಲ್ಲಿಸಿದಳು.

"ಇಲ್ಲಿ ಅಡಿಯಲ್ಲಿ ಏನೋ ಚುಚ್ಚುತ್ತೆ ನೋಡೋ, ಮಗಾ."

ಬಗ್ಗಿ ನೋಡಿದೆ. ಕಾಣಲಿಲ್ಲ. ಅಂಗೈ ಆಡಿಸಿದೆ. ಸಾಸಿವೆ ಕಾಳಿನಷ್ಟು ಕಿಡಿ ಪೈಪಿನ ಅಡಿ ಅಂಟಿಕೊಂಡು, ಅದರ ಮೇಲೆ ಬಣ್ಣವೂ ಕೂತಿತ್ತು. ಅರೆದುಂಡು ಅರ ತಂದು ತಿಕ್ಕಿದೆ, ಎಮೆರಿ ಕಾಗದದಲ್ಲಿ ನಯ ಮಾಡಿ ಬಣ್ಣ ಹಚ್ಚಿದೆ. ಮಾರನೇ ಬೆಳಗ್ಗೆ ಅಮ್ಮ ಅದೇ ಜಾಗದಲ್ಲಿ ಮತ್ತೆ ಕೈ ಆಡಿಸಿ ನೋಡಿ, ದಾಸವಾಳದ ಗಿಡದ ಕಡೆ ಹೋದಳು.